ಏರುಪದ್ಯ ಬರುವ ಹೊತ್ತಿಗೆ ಮಣಿಕಟ್ಟು ತಣ್ಣಗಾಗಿರುತ್ತದೆ: ಚೆಂಡೆ, ಡ್ರಮ್ಸ್, ಡೊಳ್ಳಿನವರು ಏನು ಮಾಡ್ತೀರಿ?

ಹಿಮ್ಮೇಳದ ಹುಡುಗ (ಕುಂದಾಪುರ)

ಎಲ್ಲರಿಗೂ ನಮಸ್ಕಾರ. ನಾನು ಯಕ್ಷಗಾನದಲ್ಲಿ ಬಡಗುತಿಟ್ಟಿನ (ಉತ್ತರದ ಶೈಲಿಯ) ಚೆಂಡೆ ಬಾರಿಸುವವ. ವೃತ್ತಿ ಮೇಳದವನಲ್ಲ, ಊರಿನ ಹವ್ಯಾಸಿ ಸಂಘದವ. ಹಗಲು ಬೇರೆ ಕೆಲಸ. ಇಲ್ಲಿ ಡ್ರಮ್ಸ್‌ನವರು, ಮೃದಂಗದವರು, ಡೊಳ್ಳಿನವರು ಎಲ್ಲ ಇದ್ದೀರಿ ಅಂತ ಧೈರ್ಯ ಮಾಡಿ ಕೇಳ್ತಾ ಇದ್ದೇನೆ.

ಆಟ ಶುರುವಾಗುವಾಗ ಅಬ್ಬರ ಬಾರಿಸುವುದರಲ್ಲೇ ಕೈ ಹದಕ್ಕೆ ಬಂದುಬಿಡುತ್ತದೆ. ಅಲ್ಲಿ ಏನೂ ತೊಂದರೆ ಇಲ್ಲ. ತೊಂದರೆ ಇರುವುದು ಆಮೇಲೆ. ಶೃಂಗಾರ, ಕರುಣದ ಪದ್ಯಗಳಿಗೆ ಮದ್ದಲೆ ಮಾತ್ರ, ಚೆಂಡೆಗೆ ಕೆಲಸ ಇಲ್ಲ. ಅದರ ಮೇಲೆ ಉದ್ದದ ಅರ್ಥಗಾರಿಕೆ, ಅಂದರೆ ವೇಷಧಾರಿಗಳ ಮಾತು. ಒಮ್ಮೊಮ್ಮೆ ಮುಕ್ಕಾಲು ಗಂಟೆ ಕೋಲು ಮಡಿಲಲ್ಲಿಟ್ಟು ಕೂತಿರಬೇಕು. ಡಿಸೆಂಬರ್, ಜನವರಿಯಲ್ಲಿ ಗದ್ದೆಬಯಲಿನ ಆಟ ಅಂದರೆ ನಡುರಾತ್ರಿ ಮೇಲೆ ಇಬ್ಬನಿ ಬೇರೆ. ಹಾಗೆ ಕೂತಿರುವಾಗ ಭಾಗವತರು (ಪದ್ಯ ಹಾಡುವವರು) ಏರುಪದ್ಯ, ಅಂದರೆ ಆವೇಶದ ವೇಗದ ಪದ್ಯ, ಎತ್ತುತ್ತಾರೆ, ವೇಷ ಅಬ್ಬರಿಸಿಕೊಂಡು ಬರುತ್ತದೆ, ನನ್ನ ಕೈ ಏಳುವುದಿಲ್ಲ. ಮೊದಲ ಎರಡು ನಿಮಿಷ ಬಲಗೈ ಮುಂಗೈ ಬಿಗಿದುಕೊಂಡು ಪೆಟ್ಟು ಒಂದರ ಮೇಲೊಂದು ಬೀಳುತ್ತವೆ. ಆಮೇಲೆ ಸರಿಹೋಗುತ್ತದೆ. ಆದರೆ ಪ್ರವೇಶದ ಆ ಎರಡು ನಿಮಿಷವೇ ಅಲ್ವಾ ಮುಖ್ಯ?

ಡ್ರಮ್ಸ್‌ನವರ ಮಣಿಕಟ್ಟಿನ ವಾರ್ಮ್-ಅಪ್ ವಿಡಿಯೊಗಳನ್ನು ನೋಡಿದ್ದೇನೆ. ಅವೆಲ್ಲ ಕಾರ್ಯಕ್ರಮಕ್ಕೆ ಮುಂಚೆ ಮಾಡುವಂಥವು. ನಮಗೆ ಬೇಕಾದ್ದು ಕಾರ್ಯಕ್ರಮದ ನಡುವೆ. ಯಾರಾದರೂ ದಾರಿ ತೋರಿಸಿ.

ಪ್ಯಾಡ್ ಪ್ರೇಮಿ (ಬೆಂಗಳೂರು)

ಒಳ್ಳೇ ಪ್ರಶ್ನೆ ಬ್ರದರ್. ನಾನು ಡ್ರಮ್ ಕಿಟ್ ನುಡಿಸ್ತೀನಿ, ಮಕ್ಕಳಿಗೆ ಕಲಿಸ್ತೀನಿ ಕೂಡ. ಮೊದಲು ನಮ್ಮ ಕ್ರಮ ಹೇಳ್ತೀನಿ, ನಿಮಗೆ ಹೊಂದೋದು ತಗೊಳ್ಳಿ.

ರುಡಿಮೆಂಟ್‌ಗಳು, ಅಂದ್ರೆ ಡ್ರಮ್ಸ್‌ನ ಮೂಲ ಪೆಟ್ಟುಗಳ ಪಾಠಗಳು, ಪಟ್ಟಿಯಲ್ಲಿ 40 ಇವೆ. ಕೈ ಬಿಸಿ ಮಾಡೋಕೆ ಅಷ್ಟೆಲ್ಲ ಬೇಡ, ಮೂರು ಸಾಕು. ಮೆಟ್ರೊನೋಮ್ (ಲಯ ಎಣಿಸೋ ಯಂತ್ರ) ನಿಮಿಷಕ್ಕೆ 60ಕ್ಕೆ ಇಟ್ಕೊಳ್ಳಿ. ಒಂದು ಬೀಟಿಗೆ ಎರಡು ಪೆಟ್ಟು. ಬಲಗೈಯಲ್ಲಿ ಎಂಟು, ಎಡಗೈಯಲ್ಲಿ ಎಂಟು. ಇದನ್ನ ಮೂರು ನಿಮಿಷ. ಕೋಲಿನ ತುದಿ ಭುಜದ ಮಟ್ಟದಿಂದ ಬೀಳಬೇಕು, ಪ್ಯಾಡಿಗೆ ತಗುಲಿ ತಾನೇ ಮೇಲೆ ಬರಬೇಕು. ಎತ್ತೋ ಕೆಲಸ ನಿಮ್ಮದಲ್ಲ, ಚರ್ಮದ್ದು. ನೀವು ಎಸೀಬೇಕು, ವಾಪಸ್ ಬರೋಕೆ ಜಾಗ ಬಿಡಬೇಕು, ಅಷ್ಟೇ. ಆಮೇಲೆ ಜೋಡಿ ಪೆಟ್ಟು: ಬಲ ಬಲ, ಎಡ ಎಡ. ಕೊನೆಗೆ ಪ್ಯಾರಾಡಿಡಲ್: ಬಲ ಎಡ ಬಲ ಬಲ, ಎಡ ಬಲ ಎಡ ಎಡ. ಆರೇಳು ನಿಮಿಷ ಆದ್ಮೇಲೆ 60ರಿಂದ 80, 80ರಿಂದ 100. ಅಲ್ಲಿಗೆ ನಿಲ್ಲಿಸಿ. ನಿಮ್ಮ ಗರಿಷ್ಠ ವೇಗ ಎಷ್ಟು ಅಂತ ನೋಡೋಕೆ ಇದು ಹೊತ್ತಲ್ಲ.

ಒಂದು ಪರೀಕ್ಷೆ ಇದೆ, ನನ್ನ ವಿದ್ಯಾರ್ಥಿಗಳಿಗೆ ಪ್ರತಿ ತರಗತಿಯಲ್ಲೂ ಮಾಡಿಸ್ತೀನಿ. ನುಡಿಸ್ತಾ ಇರುವಾಗ ಇನ್ನೊಬ್ಬರು ಬಂದು ಕೋಲಿನ ಹಿಂತುದಿ ಹಿಡಿದು ಮೆಲ್ಲಗೆ ಎಳೀಬೇಕು. ಕೋಲು ಜಾರಿ ಬಂದ್ರೆ ಹಿಡಿತ ಸರಿ. ಕೋಲಿನ ಜೊತೆ ಇಡೀ ತೋಳೇ ಬಂದ್ರೆ ನೀವು ಹಿಸುಕ್ತಾ ಇದ್ದೀರಿ ಅಂತ ಅರ್ಥ. ಹೆಬ್ಬೆರಳು, ತೋರುಬೆರಳು ಸೇರೋ ಕಡೆ ಮಾತ್ರ ಹಿಡಿತ. ಉಳಿದ ಮೂರು ಬೆರಳು ಕೋಲನ್ನ ಮುಟ್ಟಿಕೊಂಡಿರಬೇಕು, ಹಿಡಿದುಕೊಂಡಿರಬಾರದು.

ನೀವು ಹೇಳಿದ "ಬಿಗಿದ ಮುಂಗೈ" ಓದಿದ್ರೆ ನನಗನ್ನಿಸೋದು, ಅರ್ಧ ಚಳಿ, ಇನ್ನರ್ಧ ಹಿಡಿತ. ತಣ್ಣಗಿರೋ ಕೈ ಕೋಲು ಜಾರೀತು ಅನ್ನೋ ಭಯಕ್ಕೆ ತಾನಾಗೇ ಬಿಗಿ ಹಿಡಿಯುತ್ತೆ.

ಮುಂಗೈ ಮೇಡಂ (ಮೈಸೂರು, ಫಿಸಿಯೋಥೆರಪಿಸ್ಟ್)

ಪ್ಯಾಡ್ ಪ್ರೇಮಿಯವರು ಹೇಳಿದ ಕೊನೆಯ ಮಾತು ಬಹಳ ಸರಿ. ಅದರ ಹಿಂದಿನ ಕಾರಣ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಎಡ ಮುಂಗೈಯನ್ನು ಮೊಣಕೈಗೆ ಸ್ವಲ್ಪ ಕೆಳಗೆ ಬಲಗೈಯಿಂದ ಸುತ್ತಿ ಹಿಡಿಯಿರಿ. ಈಗ ಎಡಗೈ ಬೆರಳುಗಳನ್ನು ಆಡಿಸಿ, ಮಣಿಕಟ್ಟನ್ನು ಮೇಲೆ ಕೆಳಗೆ ಮಾಡಿ. ಹಿಡಿದ ಜಾಗದಲ್ಲಿ ಮಾಂಸ ಉಬ್ಬಿ ಇಳಿಯುವುದು ಗೊತ್ತಾಗುತ್ತದೆ. ಮಣಿಕಟ್ಟನ್ನು ಆಡಿಸುವ ಸ್ನಾಯುಗಳು ಇರುವುದು ಅಲ್ಲಿ, ಮಣಿಕಟ್ಟಿನಲ್ಲಲ್ಲ. ಮಣಿಕಟ್ಟಿನಲ್ಲಿ ಹಾದುಹೋಗುವುದು ಸ್ನಾಯುರಜ್ಜುಗಳು (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿಗಳು) ಮತ್ತು ನರಗಳು. ಆದ್ದರಿಂದ ಬರೀ ಮಣಿಕಟ್ಟನ್ನು ಗರಗರ ತಿರುಗಿಸಿ "ವಾರ್ಮ್-ಅಪ್ ಆಯಿತು" ಅಂದರೆ ಆಗುವುದಿಲ್ಲ. ಬಿಸಿಯಾಗಬೇಕಾದ್ದು ಮುಂಗೈ. ಅಲ್ಲಿಗೆ ರಕ್ತ ಹರಿಯಬೇಕಾದರೆ ಮೊದಲು ಇಡೀ ಮೈ ಸ್ವಲ್ಪ ಬೆಚ್ಚಗಾಗಬೇಕು. ಮೂರು ನಾಲ್ಕು ನಿಮಿಷ ಚುರುಕಾದ ನಡಿಗೆ, ಭುಜ ತಿರುಗಿಸುವುದು, ಮುಷ್ಟಿ ಕಟ್ಟಿ ಬಿಡಿಸುವುದು. ಆಮೇಲೆ ಕೋಲು.

ಇನ್ನೊಂದು. ಅಂಗೈಯನ್ನು ಗೋಡೆಗೋ ಇನ್ನೊಂದು ಕೈಗೋ ಒತ್ತಿ ಬಹಳ ಹೊತ್ತು ಎಳೆದು ಹಿಡಿಯುವುದನ್ನು ಎಷ್ಟೋ ಜನ ಕಾರ್ಯಕ್ರಮಕ್ಕೆ ಮುಂಚೆ ಮಾಡುತ್ತಾರೆ. ನಿಮಿಷಕ್ಕಿಂತ ಹೆಚ್ಚು ಹೊತ್ತು ಹಾಗೆ ಎಳೆದು ಹಿಡಿದರೆ ಆ ಸ್ನಾಯುವಿನ ಬಲ ಸ್ವಲ್ಪ ಹೊತ್ತಿಗೆ ಕಡಿಮೆಯಾಗುತ್ತದೆ. ಆ ಎಳೆತವನ್ನು ಆಟ ಮುಗಿದ ಮೇಲೆ ಇಟ್ಟುಕೊಳ್ಳಿ. ಮುಂಚೆ ಬೇಕಾದ್ದು ಚಲನೆ.

ಕುಂದಾಪುರದವರ ಸಮಸ್ಯೆಗೆ ಬಂದರೆ, ಬಿಸಿಯಾದ ಸ್ನಾಯು ಸುಮ್ಮನೆ ಕೂತರೆ ತಣ್ಣಗಾಗಿಯೇ ಆಗುತ್ತದೆ. ಸಂಜೆ ಮಾಡಿದ ವಾರ್ಮ್-ಅಪ್ ನಡುರಾತ್ರಿಗೆ ಉಳಿದಿರುವುದಿಲ್ಲ. ಉಳಿಸಿಕೊಳ್ಳುವ ಕೆಲಸ, ಮತ್ತೆ ಎಬ್ಬಿಸುವ ಕೆಲಸ ಎರಡೂ ಬೇಕು. ಉಳಿಸಿಕೊಳ್ಳಲು ಮುಂಗೈಗೆ ಬಟ್ಟೆ: ಹಳೆಯ ಸ್ವೆಟರಿನ ತೋಳು ಕತ್ತರಿಸಿ ಮೊಣಕೈಯಿಂದ ಮಣಿಕಟ್ಟಿನವರೆಗೆ ಹಾಕಿಕೊಳ್ಳಿ. ಬಿಗಿಯಾಗಿರಬಾರದು.

ಹಿಮ್ಮೇಳದ ಹುಡುಗ

ಮೇಡಂ, ಮುಂಗೈ ಹಿಡಿದು ನೋಡಿದೆ. ನೀವು ಹೇಳಿದ್ದು ಹೌದು. ಇಷ್ಟು ದಿನ ಮಣಿಕಟ್ಟನ್ನೇ ನೀವುತ್ತಾ ಇದ್ದೆ. ಸ್ವೆಟರ್ ತೋಳಿನ ಉಪಾಯ ಇವತ್ತೇ ಮಾಡ್ತೇನೆ.

ಸಾಗರದ ಡೊಳ್ಳು

ನಮ್ದು ಡೊಳ್ಳು ಕುಣಿತದ ತಂಡ. ನಮಗೆ ಬಲಗೈಲಿ ಕೋಲು, ಎಡಗೈಲಿ ಅಂಗೈ ಪೆಟ್ಟು. ಎರಡೂ ಕೈಗೆ ಬೇರೆ ಬೇರೆ ಕೆಲಸ, ಹಂಗಾಗಿ ತಯಾರಿನೂ ಬೇರೆ. ಎಡಗೈ ಬೆರಳು ಒಂದೊಂದೇ ಬಿಡಿಸಿ, ಅಂಗೈ ಉಜ್ಜಿಕೊಂಡು, ತೊಡೆ ಮೇಲೆ ಮೆಲ್ಲಗೆ ಬಡಿದು ಶುರು ಮಾಡ್ತೀವಿ. ತಣ್ಣಗಿರೋ ಅಂಗೈಲಿ ಮೊದಲ ಪೆಟ್ಟೇ ಜೋರಾಗಿ ಕೊಟ್ರೆ ಉರಿ ಇಡೀ ದಿನ ಇರುತ್ತೆ.

ನಮ್ಮಲ್ಲಿ ಭುಜ ಮರೀಬಾರದು. ಡೊಳ್ಳಿನ ಭಾರ ಹೆಗಲಿಂದ ನೇತಾಡೋದು. ಭುಜ ಕಿವಿ ಹತ್ರ ಏರಿಸಿಕೊಂಡು ನಿಂತವನ ಮಣಿಕಟ್ಟು ಎಷ್ಟು ಸಡಿಲ ಮಾಡಿದ್ರೂ ಸಡಿಲ ಆಗಲ್ಲ. ಹುಡುಗರಿಗೆ ನಾವು ಹೇಳೋದು: ಡೊಳ್ಳು ಕಟ್ಟಿಕೊಳ್ಳೋಕೆ ಮುಂಚೆ ಮೈ, ಕಟ್ಟಿಕೊಂಡ ಮೇಲೆ ಕೈ. ಬರೀ ಹೆಜ್ಜೆ ಹಾಕ್ಕೊಂಡು ಒಂದು ಸುತ್ತು, ಆಮೇಲೆ ಡೊಳ್ಳು ಏರಿಸಿಕೊಂಡು ಮೆಲ್ಲನೆ ಪೆಟ್ಟಲ್ಲಿ ಇನ್ನೊಂದು ಸುತ್ತು.

ತಮಟೆಯವರು ಜೊತೆಗಿದ್ರೆ ಚಳಿಗಾಲದಲ್ಲಿ ನಮಗೆ ಹಬ್ಬ. ಅವರು ಚರ್ಮ ಬಿಗಿ ಮಾಡೋಕೆ ಬೆಂಕಿ ಹಾಕ್ತಾರಲ್ಲ, ತಮಟೆ ಕಾಯಿಸೋ ಹೊತ್ತಲ್ಲೇ ನಾವೂ ಕೈ ಕಾಯಿಸಿಕೊಳ್ತೀವಿ. ಆದ್ರೆ ಬೆಂಕಿ ಕಾವು ಮೇಲಿನ ಚರ್ಮಕ್ಕೆ ಮಾತ್ರ. ಕೈ ಆಡಿಸದೆ ಬರೀ ಕಾಯಿಸಿಕೊಂಡು ಹೋದ್ರೆ ಎರಡು ನಿಮಿಷದಲ್ಲಿ ಮತ್ತೆ ಮೊದಲಿನ ಹಾಗೇ.

ಚಂದ್ರಗಿರಿ (ಕಾಸರಗೋಡು)

ಒಂದು ವಿಷಯ ಇಲ್ಲಿ ಕಲಸುಮೇಲೋಗರ ಆಗುವ ಮೊದಲೇ ಹೇಳಿಬಿಡುತ್ತೇನೆ. ಭಾರದ ಕೋಲಿನಲ್ಲಿ ಅಭ್ಯಾಸ ಮಾಡಿದರೆ ಕೈ ಬೇಗ ಬಿಸಿಯಾಗುತ್ತದೆ ಅಂತ ಕೆಲವರು ಸಲಹೆ ಕೊಡುತ್ತಾರೆ. ಕೇರಳದ ಚೆಂಡೆಯವರಲ್ಲಿ ಹುಣಸೆ ಮರದ ದಪ್ಪ ಕೋಲಿನಿಂದ ಕಲ್ಲಿನ ಮೇಲೆ, ಮರದ ತುಂಡಿನ ಮೇಲೆ ಬಾರಿಸುವ "ಸಾಧಕ" ಅನ್ನುವ ಅಭ್ಯಾಸ ಇದೆ. ಬೆಳಗಿನ ಜಾವ ಎದ್ದು ಗಂಟೆಗಟ್ಟಲೆ ಮಾಡುವಂಥದ್ದು. ಬಲಗೈ ಮಣಿಕಟ್ಟನ್ನು ಉರುಳಿಸಿ ಬಾರಿಸುವ ಅವರ ಕ್ರಮ ಕೂಡಿಬರಬೇಕಾದರೆ ಅದು ಬೇಕೇ ಬೇಕು. ಆದರೆ ಅದು ವರ್ಷಗಟ್ಟಲೆ ಕೈ ಕಟ್ಟುವ ಕೆಲಸ. ರಂಗಸ್ಥಳಕ್ಕೆ ಹೋಗುವ ಮೊದಲು ಹತ್ತು ನಿಮಿಷ ಮಾಡುವ ತಯಾರಿ ಅಲ್ಲ. ಅಲ್ಲಿಯೂ ಮೊದಲ ಕಾಲ (ವೇಗದ ಹಂತ) ನಿಧಾನಕ್ಕೇ ಇರುವುದು, ವೇಗ ಹಂತಹಂತವಾಗಿ ಏರುವುದು. ಆ ನಿಧಾನವನ್ನು ನಾವು ತೆಗೆದುಕೊಳ್ಳಬೇಕು, ದಪ್ಪ ಕೋಲನ್ನಲ್ಲ.

ನಾನು ತೆಂಕಿನ (ಯಕ್ಷಗಾನದ ದಕ್ಷಿಣದ ಶೈಲಿಯ) ಚೆಂಡೆ. ನಮಗೆ ನಿಂತು ಬಾರಿಸುವುದು. ನಿಂತಿರುವುದರಿಂದ ಮೈ ಅಷ್ಟು ಬೇಗ ತಣಿಯುವುದಿಲ್ಲ, ಕಾಲು ಬದಲಿಸುತ್ತಾ ಇರಬಹುದು. ಕೂತು ಬಾರಿಸುವ ಬಡಗಿನವರಿಗೆ ಈ ವಿಷಯದಲ್ಲಿ ಕಷ್ಟ ಹೆಚ್ಚು, ಒಪ್ಪುತ್ತೇನೆ.

ಪ್ಯಾಡ್ ಪ್ರೇಮಿ

ಚಂದ್ರಗಿರಿ ಅವರೇ, ನಮ್ಮಲ್ಲೂ ಇದೇ ಗಲಾಟೆ. 5ಎ ಕೋಲು ಸುಮಾರು 14 ಮಿಲಿಮೀಟರ್ ದಪ್ಪ. ಕೆಲವರು ವಾರ್ಮ್-ಅಪ್‌ಗೆ ಅಂತ 16 ಮಿಲಿಮೀಟರಿನ 2ಬಿ ತಗೊಳ್ತಾರೆ, ಲೋಹದ ಕೋಲು ಹಿಡಿಯೋರೂ ಇದ್ದಾರೆ. ದಿಂಬಿನ ಮೇಲೆ ನುಡಿಸೋದೂ ಹಾಗೇ: ಪುಟಿತ ಇಲ್ಲ, ಪ್ರತಿ ಸಲ ಎತ್ತೋದು ನಿಮ್ಮ ಸ್ನಾಯು. ಮನೆಯಲ್ಲಿ ಬಲ ಬರಲಿ ಅಂತ ಮಾಡಿದ್ರೆ ಸರಿ. ವೇದಿಕೆ ಹತ್ತೋ ಮುಂಚೆ ಮಾಡಿದ್ರೆ ದಣಿದ ಕೈ ತಗೊಂಡು ವೇದಿಕೆ ಹತ್ತಿದ ಹಾಗೆ. ಯಾವ ಕೋಲಲ್ಲಿ ಕಾರ್ಯಕ್ರಮವೋ ಅದೇ ಕೋಲಲ್ಲಿ ತಯಾರಿ, ನನ್ನ ಮಟ್ಟಿಗೆ ಇದರಲ್ಲಿ ಎರಡು ಮಾತಿಲ್ಲ.

ಮದ್ದಲೆ ಮಾಸ್ಟ್ರು (ಹೊನ್ನಾವರ)

ಎಲ್ಲ ಓದಿದೆ. ಬಹಳ ವರ್ಷ ಮದ್ದಲೆ ಬಾರಿಸಿದವ ನಾನು, ಪಕ್ಕದಲ್ಲಿ ಚೆಂಡೆಯವರನ್ನು ನೋಡುತ್ತಾ ಬಂದವ.

ತಮ್ಮಾ, ನಿನ್ನ ಪ್ರಶ್ನೆಗೆ ಉತ್ತರ ಪ್ರಸಂಗದ (ಆಟದ ಕಥೆಯ ಪದ್ಯಗಳ) ಪ್ರತಿಯಲ್ಲೇ ಇದೆ. ಡ್ರಮ್ಸ್‌ನವರಿಗೆ ಇಲ್ಲದ ಒಂದು ಅನುಕೂಲ ನಿನಗಿದೆ. ಏರುಪದ್ಯ ಯಾವಾಗ ಬರುತ್ತದೆ ಅಂತ ನಿನಗೆ ಮೊದಲೇ ಗೊತ್ತು. ಅದಕ್ಕೆ ಎಷ್ಟು ಪದ್ಯ ಹಿಂದಿನಿಂದ ತಯಾರಾಗಬೇಕು ಅಂತ ಲೆಕ್ಕ ಹಾಕು. ಕಾಳಗದ ಪ್ರಸಂಗ ಅಂತ ಇಟ್ಟುಕೋ. ಎದುರಾಳಿ ಪ್ರವೇಶಕ್ಕೆ ಮುಂಚೆ ದೂತ ಬಂದು ಸುದ್ದಿ ಹೇಳುವ ಪದ್ಯ, ಅದರ ಅರ್ಥ, ಆಮೇಲೆ ರಾಜನ ಉತ್ತರ. ದೂತ ರಂಗಕ್ಕೆ ಬಂದ ಕೂಡಲೇ ನೀನು ಕೋಲು ಕೈಗೆ ತಗೊಳ್ಳಬೇಕು. ಆಟ ಶುರುವಾಗುವ ಮೊದಲು ಚೌಕಿಯಲ್ಲಿ (ವೇಷ ಕಟ್ಟುವ ಜಾಗ) ಭಾಗವತರ ಹತ್ತಿರ ಕೂತು "ಇವತ್ತು ಎಲ್ಲಿ ಕತ್ತರಿ, ಎಲ್ಲಿ ವಿಸ್ತಾರ" ಅಂತ ಕೇಳಿಕೋ. ಕಾಲಮಿತಿಯ ಆಟದಲ್ಲಿ ಪದ್ಯ ಬಿಡುವುದು ಜಾಸ್ತಿ. ಕೇಳದಿದ್ದರೆ ನಿನ್ನ ಲೆಕ್ಕ ತಪ್ಪುತ್ತದೆ.

ಕೋಲು ತಗೊಂಡು ಏನು ಮಾಡುವುದು? ಚೆಂಡೆ ಮುಟ್ಟುವ ಹಾಗಿಲ್ಲ, ಅಲ್ಲಿ ಅರ್ಥ ನಡೆಯುತ್ತಾ ಇದೆ. ತೊಡೆಯ ಮೇಲೆ ನಾಲ್ಕು ಮಡಿಕೆ ಮಾಡಿದ ಶಾಲು ಹಾಕು. ಮುಂದೆ ಬರುವ ಪದ್ಯದ ತಾಳವನ್ನೇ ಬಾಯಿಯೊಳಗೆ ಹೇಳಿಕೊಳ್ಳುತ್ತಾ ಅರ್ಧ ವೇಗದಲ್ಲಿ ಬಾರಿಸು. ತಿತ್ತಿತ್ತೈ ಬರುವುದಾದರೆ ತಿತ್ತಿತ್ತೈ, ಏಕವಾದರೆ ಏಕ. ಸದ್ದು ಪಕ್ಕದಲ್ಲಿ ಕೂತ ನನಗೂ ಕೇಳಿಸಬಾರದು. ಕೈ ಮಾತ್ರ ಅಲ್ಲ, ಆಗ ಮನಸ್ಸೂ ಆ ಪದ್ಯಕ್ಕೆ ಹೋಗಿ ಕೂರುತ್ತದೆ. ಭಾಗವತರ ಎತ್ತುಗಡೆಗೆ ಬೆಚ್ಚಿ ಬೀಳುವವನ ಕೈ ಬಿಗಿಯುವುದು ಚಳಿಗೆ ಮಾತ್ರ ಅಲ್ಲ.

ಮುಂಗೈ ಮೇಡಂ

ಮಾಸ್ಟ್ರೇ, ಇದಕ್ಕಿಂತ ಒಳ್ಳೆಯ ಉತ್ತರ ನನ್ನ ಹತ್ತಿರ ಇಲ್ಲ. ಮುಂದೆ ಮಾಡಬೇಕಾದ ಚಲನೆಯನ್ನೇ ಕಡಿಮೆ ಬಲದಲ್ಲಿ, ಕಡಿಮೆ ವೇಗದಲ್ಲಿ ಮಾಡುವುದು ಎಲ್ಲಕ್ಕಿಂತ ಉತ್ತಮ ತಯಾರಿ. ಒಂದೇ ಒಂದು ಸೇರಿಸುತ್ತೇನೆ: ಶಾಲಿನ ಮೇಲೆ ಪುಟಿತ ಇರುವುದಿಲ್ಲವಲ್ಲ, ಆದ್ದರಿಂದ ಕೋಲನ್ನು ಎತ್ತರ ಎತ್ತಬೇಡಿ. ನಾಲ್ಕು ಬೆರಳಿನಷ್ಟು ಸಾಕು. ಹೊತ್ತು ಎರಡು ಮೂರು ನಿಮಿಷ.

ಧೀಂ ತಕಿಟ (ಮೈಸೂರು)

ಮೃದಂಗದವರ ಪರವಾಗಿ ಒಂದು ಮಾತು. ನಮ್ಮ ಮೊದಲ ಪಾಠವೇ ತ ಧಿ ತೊಂ ನಂ, ಮೂರು ಕಾಲದಲ್ಲಿ. ಹಿರಿಯ ವಿದ್ವಾಂಸರೂ ಕಚೇರಿಗೆ ಮುಂಚೆ ಅದನ್ನೇ ನುಡಿಸುವುದನ್ನು ಕಂಡಿದ್ದೇನೆ. ಎಸಿ ಸಭಾಂಗಣದಲ್ಲಿ ಆಲಾಪನೆ ಉದ್ದವಾದರೆ ನಮಗೂ ನಿಮ್ಮದೇ ಪಾಡು. ನಾನು ಆಗ ಎಡ ಅಂಗೈಯಲ್ಲಿ ಬಲಗೈ ಬೆರಳುಗಳಿಂದ ಸದ್ದಿಲ್ಲದೆ ಪಾಟಾಕ್ಷರ (ಪೆಟ್ಟಿನ ಅಕ್ಷರಗಳು) ನುಡಿಸಿಕೊಳ್ಳುತ್ತೇನೆ.

ಡ್ರಮ್‌ಲೈನ್ ಕನ್ನಡಿಗ (ಅಮೆರಿಕ)

ಮಗಳು ಇಲ್ಲಿ ಹೈಸ್ಕೂಲ್ ಮಾರ್ಚಿಂಗ್ ಬ್ಯಾಂಡಿನಲ್ಲಿ ಸ್ನೇರ್ ನುಡಿಸುತ್ತಾಳೆ, ಹಾಗಾಗಿ ಇವರ ಕ್ರಮ ಹತ್ತಿರದಿಂದ ನೋಡುತ್ತಾ ಇದ್ದೇನೆ. ಮೈದಾನಕ್ಕೆ ಇಳಿಯುವ ಮೊದಲು ಇಡೀ ಡ್ರಮ್‌ಲೈನ್ (ಬ್ಯಾಂಡಿನ ಡ್ರಮ್ ನುಡಿಸುವವರ ಗುಂಪು) ಹೊರಗೆ ಅರ್ಧವೃತ್ತದಲ್ಲಿ ನಿಂತು ಒಟ್ಟಿಗೆ ತಯಾರಾಗುತ್ತದೆ. ಪ್ಯಾಡ್ ಪ್ರೇಮಿಯವರು ಹೇಳಿದ ಆ "ಬಲಕ್ಕೆ ಎಂಟು, ಎಡಕ್ಕೆ ಎಂಟು" ಇಲ್ಲಿಯೂ ಮೊದಲ ಪಾಠ. ಎಲ್ಲರ ಕೋಲೂ ಒಂದೇ ಎತ್ತರಕ್ಕೆ ಹೋಗಬೇಕು, ಮೇಷ್ಟ್ರು ಅದನ್ನೇ ನೋಡುತ್ತಾರೆ. ಅಕ್ಟೋಬರ್ ಆದಮೇಲೆ ಚಳಿ ಜೋರು. ಸರದಿ ಬರುವ ತನಕ ಮಕ್ಕಳು ಬೆರಳು ತುದಿ ಕತ್ತರಿಸಿದ ಕೈಗವಸು ಹಾಕಿಕೊಂಡು ಕೈಯನ್ನು ಕಂಕುಳಲ್ಲಿ ಇಟ್ಟುಕೊಂಡಿರುತ್ತಾರೆ. ಒಟ್ಟಿಗೆ ಮಾಡುವುದರಲ್ಲಿ ಒಂದು ಲಾಭ ಇದೆ, ಯಾರೂ ತಪ್ಪಿಸಿಕೊಳ್ಳುವುದಿಲ್ಲ.

ಕೋಲು ಕಲಿಕೆ (ಶಿರಸಿ)

ನನ್ನದು ಬೇರೆ ತೊಂದರೆ, ಇಲ್ಲೇ ಕೇಳಬಹುದಾ? ಚೆಂಡೆ ಕಲಿಯೋಕೆ ಶುರು ಮಾಡಿದ ಮೇಲೆ ಹೆಬ್ಬೆರಳಿನ ಬುಡದಲ್ಲಿ, ಮಣಿಕಟ್ಟಿನ ಕಡೆ, ನೋವು. ಲೋಟ ಎತ್ತುವಾಗಲೂ ಚುಚ್ಚುತ್ತದೆ. ವಾರ್ಮ್-ಅಪ್ ಮಾಡಿದರೆ ಬಾರಿಸುವಾಗ ಗೊತ್ತಾಗುವುದಿಲ್ಲ, ಮರುದಿನ ಬೆಳಿಗ್ಗೆ ಜೋರು. ಗುರುಗಳಿಗೆ ಹೇಳೋಕೆ ಹಿಂಜರಿಕೆ. ಅವರು ಆ ವಯಸ್ಸಿನಲ್ಲೂ ಗಂಟೆಗಟ್ಟಲೆ ಬಾರಿಸ್ತಾರೆ, ನಾನು ಕೈನೋವು ಅಂತ ಹೇಗೆ ಹೇಳಲಿ?

ಮುಂಗೈ ಮೇಡಂ

ದಯವಿಟ್ಟು ಇದನ್ನು ವಾರ್ಮ್-ಅಪ್‌ನಿಂದ ಮುಚ್ಚಿಕೊಂಡು ಹೋಗಬೇಡಿ. ಬಿಸಿಯಾದಾಗ ನೋವು ಮಾಯವಾಗಿ ಮರುದಿನ ಹೆಚ್ಚಾಗುವುದು ಸ್ನಾಯುರಜ್ಜಿನ ತೊಂದರೆಯ ಲಕ್ಷಣ. ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿ ಮಣಿಕಟ್ಟನ್ನು ನಿಧಾನವಾಗಿ ಕಿರುಬೆರಳಿನ ಕಡೆಗೆ ಬಾಗಿಸಿ. ನೀವು ಹೇಳಿದ ಜಾಗದಲ್ಲೇ ಚಳಕ್ ಅಂದರೆ ಡಿ ಕ್ವೆರ್ವೇನ್ ಅನ್ನುವ ಉರಿಯೂತ ಇರಬಹುದು. ಹೆಬ್ಬೆರಳನ್ನು ಎತ್ತುವ ಎರಡು ರಜ್ಜುಗಳು ಹಾದುಹೋಗುವ ಕೊಳವೆ ಅಲ್ಲಿ ದಪ್ಪಗಾಗಿರುತ್ತದೆ. ಪರೀಕ್ಷೆ ಒಂದೇ ಸಲ ಮಾಡಿ, ಪದೇ ಪದೇ ಮಾಡಿ ಕೆಣಕಬೇಡಿ. ಮೂಳೆ ವೈದ್ಯರಿಗೋ ಫಿಸಿಯೋಗೋ ತೋರಿಸಿ. ಮೊದಮೊದಲು ಬಂದರೆ ಹೆಬ್ಬೆರಳಿಗೆ ಪಟ್ಟಿ ಕಟ್ಟಿ ವಿಶ್ರಾಂತಿ ಕೊಟ್ಟರೇ ಎಷ್ಟೋ ಮಂದಿಗೆ ಇಳಿಯುತ್ತದೆ. ಬಿಟ್ಟಷ್ಟೂ ಹಟ ಹಿಡಿಯುತ್ತದೆ.

ಉಳಿದವರಿಗೂ ಒಂದು ಮಾತು. ರಾತ್ರಿ ನಿದ್ದೆಯಲ್ಲಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ಎಚ್ಚರವಾಗುತ್ತಿದ್ದರೆ ಅದು ಬೇರೆ ಕಥೆ. ಅಂಗೈ ಬುಡದ ಇಕ್ಕಟ್ಟಾದ ಹಾದಿಯಲ್ಲಿ ಒಂಬತ್ತು ರಜ್ಜುಗಳ ಜೊತೆ ಒಂದು ನರವೂ ಹೋಗುತ್ತದೆ. ಮಣಿಕಟ್ಟನ್ನು ಪೂರ್ತಿ ಬಾಗಿಸಿಕೊಂಡು ಕೋಲನ್ನು ಬಿಗಿಹಿಡಿದರೆ ಅದರ ಮೇಲೆ ಒತ್ತಡ ಏರುತ್ತದೆ. ಜೋಮು ಬಂದರೆ ವ್ಯಾಯಾಮ ಹುಡುಕುತ್ತಾ ಕೂರಬೇಡಿ, ವೈದ್ಯರ ಹತ್ತಿರ ಹೋಗಿ. ಸಕ್ಕರೆ ಕಾಯಿಲೆ ಇರುವವರು ಇನ್ನೂ ಬೇಗ ಹೋಗಿ.

ಮದ್ದಲೆ ಮಾಸ್ಟ್ರು

ಶಿರಸಿಯವರೇ, ಗುರುಗಳಿಗೆ ಹೇಳಿ. ನಾಚಿಕೆ ಪಡುವಂಥದ್ದು ಏನೂ ಇಲ್ಲ. ನೋವು ಅಂದಾಗ ಒಳ್ಳೆಯ ಗುರು ಮೊದಲು ನೋಡುವುದು ಕೋಲು ಹಿಡಿದ ಕ್ರಮವನ್ನು. ಹೆಬ್ಬೆರಳನ್ನು ಕೋಲಿನ ಮೇಲೆ ಉದ್ದಕ್ಕೆ ಚಾಚಿ ಒತ್ತುವ ಅಭ್ಯಾಸ ಹೊಸಬರಲ್ಲಿ ಬಹಳ. ಅದನ್ನು ಕಣ್ಣಾರೆ ನೋಡಿಯೇ ತಿದ್ದಬೇಕು. ಮೇಳದಲ್ಲಿ ದೀಪಾವಳಿ ಹೊತ್ತಿಗೆ ತಿರುಗಾಟ ಹೊರಟರೆ ಪತ್ತನಾಜೆಯ (ಮೇ ಕೊನೆಯ ಹೊತ್ತಿಗೆ ಬರುವ ದಿನ) ತನಕ ರಾತ್ರಿ ತಪ್ಪದೆ ಬಾರಿಸುವವರಿದ್ದಾರೆ. ಕೈ ನೋವು ಅಂತ ಹೇಳಿದರೆ ಆ ರಾತ್ರಿಯ ಸಂಬಳ ಹೋದೀತು ಅಂತ ನುಂಗಿಕೊಂಡವರನ್ನು ಕಂಡಿದ್ದೇನೆ. ನನಗೆ ಅದು ಇವತ್ತಿಗೂ ಬೇಸರ. ನೀವು ಕಲಿಯುವ ಹಂತದಲ್ಲಿದ್ದೀರಿ, ಈಗ ಒಂದು ತಿಂಗಳು ನಿಲ್ಲಿಸಿದರೆ ಏನೂ ಹೋಗುವುದಿಲ್ಲ. ಬಾಯಿಪಾಠ ಮಾಡಿ, ಆಟಕ್ಕೆ ಹೋಗಿ ಹಿಮ್ಮೇಳದ ಪಕ್ಕ ಕೂತು ಕೇಳಿ.

ಕೋಲು ಕಲಿಕೆ

ಮೇಡಂ, ಮಾಸ್ಟ್ರೇ, ಇಬ್ಬರಿಗೂ ವಂದನೆ. ನಾಳೆಯೇ ಗುರುಗಳಿಗೆ ಹೇಳ್ತೇನೆ, ಆಸ್ಪತ್ರೆಗೂ ಹೋಗ್ತೇನೆ.

ಹಿಮ್ಮೇಳದ ಹುಡುಗ

ಶನಿವಾರ ನಮ್ಮ ಆಟ ಇತ್ತು. ಮಾಸ್ಟ್ರು ಹೇಳಿದ ಹಾಗೆ ಪ್ರಸಂಗದ ಪ್ರತಿಯಲ್ಲಿ ಪೆನ್ಸಿಲಿನಿಂದ ಗುರುತು ಹಾಕಿಕೊಂಡೆ, ಭಾಗವತರ ಹತ್ತಿರ ಬಿಡುವ ಪದ್ಯಗಳನ್ನು ಕೇಳಿಕೊಂಡೆ. ತೊಡೆ ಮೇಲೆ ಶಾಲು, ಮುಂಗೈಗೆ ಸ್ವೆಟರ್ ತೋಳು. ಪ್ರತಿನಾಯಕನ ಪ್ರವೇಶಕ್ಕೆ ಮೊದಲ ಪೆಟ್ಟಿನಿಂದಲೇ ಕೈ ಓಡಿತು. ಆದರೆ ಕೊನೆಯ ಯುದ್ಧದ ಹೊತ್ತಿಗೆ ಬಲ ಮೊಣಕೈಯ ಹೊರಬದಿ ಸ್ವಲ್ಪ ಜಗ್ಗಿದ ಹಾಗೆ ಅನ್ನಿಸಿತು. ಫೋಟೊ ನೋಡಿದರೆ ನನ್ನ ಮಣಿಕಟ್ಟು ಮೇಲಕ್ಕೆ ಮುರಿದ ಹಾಗೆ ಕಾಣುತ್ತದೆ. ಕುರ್ಚಿ ತಗ್ಗಾಯಿತಾ?

ಪ್ಯಾಡ್ ಪ್ರೇಮಿ

ತಗ್ಗೇ ಆಗಿರಬೇಕು. ಭುಜ ಇಳಿಬಿಟ್ಟು, ಮೊಣಕೈ ಮೈಯಿಂದ ಒಂದು ಗೇಣು ದೂರ ಇಟ್ಟು ಕೋಲು ಚರ್ಮದ ಮೇಲಿಡಿ. ಆಗ ಮುಂಗೈ, ಮಣಿಕಟ್ಟು, ಗೆಣ್ಣು ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿ ಇರಬೇಕು. ಮಣಿಕಟ್ಟು ಮೇಲಕ್ಕೆ ಮುರೀತಾ ಇದ್ರೆ ಕೂರೋ ಜಾಗ ಎತ್ತರ ಮಾಡಿ, ಇಲ್ಲಾ ಚೆಂಡೆಯ ಸ್ಟ್ಯಾಂಡ್ ತಗ್ಗಿಸಿ. ಮೊಣಕೈ ಹೊರಬದಿಯ ಆ ಗಂಟಿನ ಹತ್ತಿರವೇ ಮಣಿಕಟ್ಟು ಎತ್ತೋ ಸ್ನಾಯುಗಳು ಶುರುವಾಗೋದು. ಇಡೀ ರಾತ್ರಿ ಮಣಿಕಟ್ಟು ಎತ್ತಿಕೊಂಡೇ ಇದ್ರೆ ಅಲ್ಲಿ ಜಗ್ಗದೆ ಇನ್ನೆಲ್ಲಿ?

ಮದ್ದಲೆ ಮಾಸ್ಟ್ರು

ನಿಮ್ಮ ಕಡೆ ಶಾಮಿಯಾನದವರು ಕೊಡುವ ಪ್ಲಾಸ್ಟಿಕ್ ಕುರ್ಚಿ ಎಲ್ಲಾ ಒಂದೇ ಎತ್ತರ. ಮನೆಯಿಂದ ಒಂದು ಗಟ್ಟಿ ಮಣೆ ತಗೊಂಡು ಹೋಗು, ಕುರ್ಚಿ ಮೇಲೆ ಹಾಕಿ ಕೂರು. ಆಟ ಶುರುವಾಗುವ ಮೊದಲೇ ಕೂತು ನೋಡಿಕೋ, ಅಬ್ಬರ ಹಿಡಿದ ಮೇಲೆ ಸರಿ ಮಾಡಿಕೊಳ್ಳಲು ಪುರುಸೊತ್ತು ಇರುವುದಿಲ್ಲ.

ಹಿಮ್ಮೇಳದ ಹುಡುಗ

ಆಯ್ತು ಮಾಸ್ಟ್ರೇ. ಮುಂದಿನ ಆಟಕ್ಕೆ ಗುರುತು ಹಾಕಿದ ಪ್ರತಿಯ ಫೋಟೊ ಇಲ್ಲೇ ಹಾಕ್ತೇನೆ. ಎಲ್ಲಿಂದ ಕೋಲು ತಗೊಳ್ಳಬೇಕು ಅಂತ ನಾನು ಹಾಕಿದ ಗುರುತು ಸರಿಯಾ ಅಂತ ನೀವೊಮ್ಮೆ ನೋಡಿ ಹೇಳಿ.